ಬ್ಲೋವರ್ ಮಹಾಶಯರು ದಿನಕ್ಕೊಂದು ತಾಸು ಬಾಯಿ ಮುಚ್ಚಬೇಕೆಂದು ಕೋರಿ

ಸಿಂಧನೂರಿನ ಕಾಲುವೆ ಪಕ್ಕದ ರೈಸ್‌ಮಿಲ್ಲಿನ ಹಿಂಗೋಡೆಯ ಮೇಲೆ, ನಮ್ಮ ಓಣಿಯ ಕಡೆಗೇ ಬಾಯಿ ತೆರೆದುಕೊಂಡು ವಿರಾಜಮಾನರಾಗಿರುವ, ಹೊಟ್ಟು ಊದುವ ಬ್ಲೋವರ್ ಮಹಾಶಯರ ಸನ್ನಿಧಿಗೆ, ಅದೇ ಓಣಿಯ ನಿವಾಸಿಯೂ ಮಸ್ಕಿಯ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿಯೂ ಆದ ಅನುಪಮಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ಇಂದು ನಸುಕಿನಲ್ಲೇ ತಮ್ಮ ಬಾಯಿಂದಲೇ ತಿಳಿಯಿತು. ನಾವೂ ಕ್ಷೇಮವೆಂದು ಆಗಲೇ ಹೇಳಬೇಕೆಂದಿದ್ದೆವು; ತಾವು ಮಾತಿನ ನಡುವೆ ಉಸಿರು ತೆಗೆದುಕೊಳ್ಳದ ಕಾರಣ ಬರೆದು ತಿಳಿಸಬೇಕಾಗಿದೆ. ಯಂತ್ರಕ್ಕೆ ಪತ್ರ ಬರೆಯುವವರು ಉಂಟೇ ಎಂದು ಓದಿದವರು ನಗಬಹುದು. ಆದರೆ ಸಂಬಂಧಪಟ್ಟವರಿಗೆಲ್ಲ ಬರೆದು ಬರೆದು ನನ್ನ ಅಕ್ಷರ ದುಂಡಗಾಯಿತೇ ಹೊರತು ಬೇರೇನೂ ಆಗಲಿಲ್ಲವಾದ್ದರಿಂದ, ಕೇಳಿದಾಗಲೂ ಕೇಳದಿದ್ದಾಗಲೂ ತುಂಬು ಕಂಠದಿಂದ ಉತ್ತರ ಕೊಡುವ ತಮ್ಮನ್ನೇ ನೇರವಾಗಿ ಕಾಣುವುದು ಲೇಸೆಂದು ತೋರಿತು.

ಮೊದಲು ತಮ್ಮ ಉಪಕಾರಗಳನ್ನು ನೆನೆಯಬೇಕು. ಈ ಓಣಿಗೆ ಮನೆಗಳು ಮೊದಲು ಬಂದವು, ತಾವು ಆಮೇಲೆ ಬಂದಿರಿ. ಆದರೂ ಹಿರಿಯರಿಗೆ ಸಲ್ಲುವ ಗೌರವವೆಲ್ಲ ತಮಗೇ ಸಂದಿದೆ, ತಾವು ಮಾತಾಡುವಾಗ ಇಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಅಕ್ಕಪಕ್ಕದ ಜಗಳಗಳು ತಾವಾಗಿ ನಿಂತಿವೆ, ಏಕೆಂದರೆ ಬೈದದ್ದು ಬೈಸಿಕೊಳ್ಳಬೇಕಾದವರಿಗೆ ಮುಟ್ಟುವುದೇ ಇಲ್ಲ. ನನ್ನ ಕಂಠವಂತೂ ತಮ್ಮ ಸಹವಾಸದಿಂದ ಎಷ್ಟು ಪುಷ್ಟವಾಗಿದೆಯೆಂದರೆ, ಮಸ್ಕಿಯ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಾವು ಇಲ್ಲೇ ಅದೀವ್ರೀ, ಮೆಲ್ಲಕ ಹೇಳ್ರಿ" ಎಂದು ಕೈಮುಗಿದಳು. ಲಿಂಗಸುಗೂರಿನಿಂದ ನಮ್ಮ ಎದುರುಮನೆಯ ಅಂಬಿಕಾಳನ್ನು ನೋಡಲು ಬಂದ ಗಂಡಿನ ಕಡೆಯವರು, ಅವಳ ತಂದೆ ಗದ್ದೆಪ್ಪನವರು "ಬರ್ರೀ! ಕೂಡ್ರಿ! ನೀರು ಕುಡೀರಿ!" ಎಂದು ಪ್ರೀತಿಯಿಂದ ಒದರಿದ್ದನ್ನು ಕಂಡು, ಇವರು ಹೊಡೆಯಲು ಬರುತ್ತಿದ್ದಾರೆಂದೇ ತಿಳಿದು ಚಪ್ಪಲಿ ಬಿಡದೆ ಹಿಂದಿರುಗಿದರು. ಬಿ.ಎಡ್. ಮುಗಿಸುವವರೆಗೆ ಮದುವೆ ಬೇಡವೆಂದು ಹಟ ಹಿಡಿದಿದ್ದ ಅಂಬಿಕಾ ಈ ಒಂದು ವಿಷಯದಲ್ಲಿ ಮಾತ್ರ ತಮಗೆ ಋಣಿಯಾಗಿದ್ದಾಳೆ.

ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ತಾವು ನಮಗೊಂದು ಹೊಸ ಭಾಷೆ ಕಲಿಸಿದಿರಿ. ಈಗ ನಮ್ಮ ಓಣಿಯಲ್ಲಿ ಮುಷ್ಟಿ ತಿರುವಿದರೆ ನಳದ ನೀರು ಬಂದಿದೆ ಎಂದರ್ಥ, ಎರಡು ಅಂಗೈ ತಟ್ಟಿದಂತೆ ಮಾಡಿದರೆ ರೊಟ್ಟಿ ಆಗಿದೆ, ಕೆನ್ನೆಗೆ ಕೈ ಹಚ್ಚಿದರೆ ಕೂಸು ಮಲಗಿದೆ. ಆಡಲು ಹೋದ ಮಕ್ಕಳನ್ನು ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ಹಗಲಾದರೆ ಕೈ ಬೀಸುತ್ತಾರೆ, ಕತ್ತಲಾದರೆ ಅಂಗಳದ ಬಲ್ಬನ್ನು ಹಾಕಿ ಆರಿಸುತ್ತಾರೆ. ಈ ಕೈಮಾತಿನಲ್ಲಿ ಓಣಿಗೇ ಜಾಣೆ ಎನಿಸಿಕೊಂಡವಳು ರಹೀಮಾಬೀ ಅವರ ಮೊಮ್ಮಗಳು ಆರ್ಜೂ. ಆಗಷ್ಟೇ ಮೂರು ವರ್ಷ ದಾಟಿದ್ದ ಮಗು, ದೊಡ್ಡವರ ಕೈ ಅರ್ಧ ಏಳುವುದರೊಳಗೆ ಅರ್ಥ ಮಾಡಿಕೊಂಡು ಓಡಿ ಬರುತ್ತಿದ್ದಳು. ಬಾಯಲ್ಲಿ ಮಾತು ಮಾತ್ರ ಬಂದಿರಲಿಲ್ಲ. ಮನೆಯೊಳಗೆ ದಖ್ಖನಿ ಉರ್ದು, ಹೊರಗೆ ಕನ್ನಡ, "ಎರಡು ಮಾತಿನ ಮನಿ, ಹುಡುಗಿಗೆ ಯಾವುದು ಹಿಡೀಬೇಕಂತ ತಿಳಿವಲ್ದು, ತಡ ಆಗ್ತದ" ಎಂದು ಗದ್ದೆಪ್ಪನವರ ಹೆಂಡತಿ ಗದ್ದೆಮ್ಮ ಹೇಳಿದ್ದನ್ನು ನಾವೆಲ್ಲರೂ, ಭಾಷೆ ಕಲಿಸುವ ನಾನೂ ಸೇರಿದಂತೆ, ತಲೆಯಾಡಿಸಿ ಒಪ್ಪಿಕೊಂಡಿದ್ದೆವು. ಆರ್ಜೂಳ ತಂದೆ ಶಾವಲಿಯನ್ನು ತಮಗೆ ನಾನು ಪರಿಚಯಿಸಬೇಕಿಲ್ಲ: ನಸುಕಿನಲ್ಲಿ ತಮ್ಮ ಸ್ವಿಚ್ ಒತ್ತಿ ಎಬ್ಬಿಸಿ, ಮಕ್ಕಳೆಲ್ಲ ಮಲಗಿದ ಮೇಲೆ ಆರಿಸುವವರೂ, ತಮಗೆ ಗ್ರೀಸ್ ಹಚ್ಚುವವರೂ ಅವರೇ.

ಹೀಗೆ ಸುಖವಾಗಿದ್ದ ನಾವು ಕೃತಘ್ನರಾಗಿ ತಮ್ಮ ಮೇಲೆ ದೂರು ಕೊಟ್ಟೆವು. ವಸತಿ ಪ್ರದೇಶದಲ್ಲಿ ಹಗಲು ಐವತ್ತೈದು, ರಾತ್ರಿ ನಲವತ್ತೈದು ಡೆಸಿಬಲ್ ದಾಟಬಾರದೆಂದು ಸರ್ಕಾರವೇ ನಿಯಮ ಮಾಡಿದೆಯೆಂದು ಎಲ್ಲೋ ಓದಿದ್ದು ನನ್ನ ತಪ್ಪು. ನಲವತ್ತೈದು ಡೆಸಿಬಲ್ ಎಂದರೆ ತಾವು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸಾಲದೆಂಬುದು ನಿಯಮ ಬರೆದವರಿಗೆ ಹೊಳೆಯಲಿಲ್ಲ. ಓಣಿಯಲ್ಲಿ ಬಹಳ ಮಂದಿ ಸಹಿ ಹಾಕಿದರು. ಶಾವಲಿಯ ಮನೆಯವರು ಹಾಕಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಬಹುದಿನಗಳ ಮೇಲೆ ಕಚೇರಿಯೊಂದರಿಂದ ಸದ್ದಳೆಯುವ ಸಾಹೇಬರು ಬಂದೇಬಿಟ್ಟರು. ಅವರು ಬರುವ ಸುದ್ದಿ ನಮಗಿಂತ ಮೊದಲು ಮಿಲ್ಲಿಗೆ ತಲುಪಿತ್ತಾದ್ದರಿಂದ ಅಂದು ಬೆಳಗಿನಿಂದಲೇ ತಾವು ಮೌನವ್ರತದಲ್ಲಿದ್ದಿರಿ. ಸಾಹೇಬರು ಮಿಲ್ಲಿನಲ್ಲಿ ಮಜ್ಜಿಗೆ ಕುಡಿದು, ನಮ್ಮ ಓಣಿಯ ನಡುವೆ ನಿಂತು ಮೀಟರ್ ಎತ್ತಿ ಹಿಡಿದರು. ಆಗ ಗದ್ದೆಮ್ಮನ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಮಿತಿ ಮೀರಿದ ಸದ್ದು ಅದೊಂದೇ ದೊರೆತದ್ದರಿಂದ ಸಾಹೇಬರು ಅದನ್ನೇ ಬರೆದುಕೊಂಡು, ಬೇಳೆಯನ್ನು ಮೊದಲೇ ನೆನೆಹಾಕಿದರೆ ಸೀಟಿ ಕಡಿಮೆಯಾಗುತ್ತದೆಂದು ಗದ್ದೆಮ್ಮನಿಗೆ ಬುದ್ಧಿ ಹೇಳಿ ಜೀಪು ಹತ್ತಿದರು.

ಆ ದಿನದ ಇನ್ನೊಂದು ಸಂಗತಿಯನ್ನು ಹೇಳುವಾಗ ನನ್ನ ವಿನಯ ಸ್ವಲ್ಪ ಕೈಕೊಟ್ಟರೆ ಕ್ಷಮಿಸಬೇಕು. ತಾವು ರಜೆಯಲ್ಲಿದ್ದ ಕಾರಣ ಶಾವಲಿ ಹಗಲು ಹೊತ್ತು ಮನೆಯಲ್ಲಿದ್ದರು. ಓಣಿಯಲ್ಲಿ ಗುಬ್ಬಿಯ ಸದ್ದು ಕೂಡ ಕೇಳುತ್ತಿತ್ತು. ಆರ್ಜೂ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತು ಹೊಟ್ಟಿನ ರಾಶಿಯಲ್ಲಿ ಗೆರೆ ಎಳೆಯುತ್ತಿದ್ದಳು. ಶಾವಲಿ ಬಾಗಿಲಲ್ಲಿ ನಿಂತು "ಆರ್ಜೂ" ಎಂದು ಕರೆದರು. ಮಗಳನ್ನು ಹೆಸರಿನಿಂದ ಕೂಗಿ ಕರೆಯುವ ಅವಕಾಶ ಅವರಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲವೇನೋ, ದನಿಯಲ್ಲಿ ನಾಚಿಕೆಯಿತ್ತು. ಅವಳು ತಿರುಗಲಿಲ್ಲ. ಸಿಟ್ಟಾಗಿದ್ದಾಳೆಂದು ನಗುತ್ತ ಇನ್ನೊಮ್ಮೆ ಕರೆದರು. ರಹೀಮಾಬೀ ಕರೆದರು. ಆಮೇಲೆ ಆರ್ಜೂಳ ತಾಯಿ ಮೆಹನಾಜ್ ಒಳಗಿನಿಂದ ತಾಟು ತಂದು ಅವಳ ಬೆನ್ನ ಹಿಂದೆಯೇ ನೆಲಕ್ಕೆ ಕುಕ್ಕಿದಳು. ಮಗು ಗೆರೆ ಎಳೆಯುತ್ತಲೇ ಇತ್ತು. "ಮೇಡಂ, ಹುಡುಗಿ ಯಾಕ ಹೊಳ್ಳಿ ನೋಡವಲ್ಲದು?" ಎಂದು ರಹೀಮಾಬೀ ನನ್ನನ್ನು ಕೇಳಿದರು.

ಆರ್ಜೂಳನ್ನು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ತಮ್ಮ ಮೇಲೆ ಸುಳ್ಳು ಆರೋಪ ಹೊರಿಸುವಷ್ಟು ಕೆಳಗೆ ನಾನು ಇಳಿಯಲಾರೆ: ಈ ಕಿವುಡುತನ ಹುಟ್ಟಿನಿಂದ ಬಂದದ್ದು, ಮಿಲ್ಲಿನಿಂದಲ್ಲ ಎಂದೇ ಅಲ್ಲಿನ ಡಾಕ್ಟರಮ್ಮ ಹೇಳಿದರು. ಆದರೆ ಇಷ್ಟು ದಿನ ಯಾಕೆ ತರಲಿಲ್ಲ, ಕರೆದರೆ ತಿರುಗದ ಮಗುವನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಅವರು ಕೇಳಿದಾಗ, ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲವೆಂದು ಹೇಗೆ ಬಿಡಿಸಿ ಹೇಳುವುದು? ಕಿವುಡುತನವನ್ನು ತಾವು ಕೊಡಲಿಲ್ಲ, ಕೇವಲ ಬಚ್ಚಿಟ್ಟಿರಿ. ಮಾತು ಕಲಿಯಬೇಕಾದ ಎರಡು ವರ್ಷಗಳನ್ನು ತಾವು ಹೊಟ್ಟಿನ ಜೊತೆಗೆ ಊದಿಬಿಟ್ಟಿರಿ, ಮತ್ತು ನಾವು ಆ ಹೊತ್ತೆಲ್ಲ ಆ ಕೂಸಿನ ಜಾಣತನವನ್ನು ಹೊಗಳುತ್ತ ಕೂತಿದ್ದೆವು. ನನಗೆ ಸಿಟ್ಟು ಬರುತ್ತದೆ, ತಮ್ಮ ಮೇಲೂ ನಮ್ಮ ಮೇಲೂ.

ಅವಳಿಗೆ ಕಿವಿಯ ಮಷೀನ್ ಹಾಕಿದ್ದಾರೆ. ರಾಯಚೂರಿನ ಆ ಸದ್ದಿಲ್ಲದ ಕೋಣೆಯಲ್ಲಿ ಮೆಹನಾಜ್ ಹೆಸರು ಹಿಡಿದು ಕರೆದಾಗ ಆರ್ಜೂ ತಟ್ಟನೆ ತಿರುಗಿದಳು, ತಿರುಗಿ ತಾಯಿಯ ಬಾಯನ್ನೇ ನೋಡುತ್ತ ನಿಂತಳು. ಮನೆಗೆ ಬಂದು ಅದೇ ಮಷೀನ್ ಹಾಕಿದರೆ ಮೊದಲು ಒಳಗೆ ನುಗ್ಗುವವರು ತಾವು. ಮಗು ಚೀರಿ ಅದನ್ನು ಕಿತ್ತೆಸೆಯುತ್ತದೆ. ದಿನಕ್ಕೊಂದು ತಾಸಾದರೂ ಸದ್ದಿಲ್ಲದ ಕಡೆ ಕೂರಿಸಿ ಮಾತಾಡಿಸಿರಿ, ಇಲ್ಲವಾದರೆ ಮಾತು ಹತ್ತುವುದು ಕಷ್ಟ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಆ ಒಂದು ತಾಸನ್ನು ಕೇಳಲು ಮಿಲ್ಲಿನ ಸಾಹುಕಾರರ ಬಳಿಗೆ ಹೋದೆವು. "ಮೇಡಂ, ಬ್ಲೋವರ್ ನಿಂತ್ರ ಇಡೀ ಮಿಲ್ ನಿಲ್ತದ, ಡ್ರೈಯರ್‌ನಾಗಿನ ಭತ್ತ ಕಪ್ಪಾಗ್ತದ, ನಾ ಏನ್ ಮಾಡ್ಲಿ" ಎಂದು ಅವರು ಬಹಳ ನೊಂದುಕೊಂಡರು. ಸಾಹೇಬರು ಬಂದ ದಿನ ಬೆಳಗಿನಿಂದ ಸಂಜೆಯವರೆಗೆ ನಿಂತರೂ ಒಂದು ಕಾಳು ಕಪ್ಪಾಗಲಿಲ್ಲ. ಯಾರಿಗಾಗಿ ಕಪ್ಪಾಗಬೇಕು, ಯಾರಿಗಾಗಿ ಬೆಳ್ಳಗಿರಬೇಕು ಎಂಬುದು ನಮ್ಮ ಕಡೆಯ ಭತ್ತಕ್ಕೂ ಗೊತ್ತಿದೆಯೆಂದು ಅಂದೇ ತಿಳಿಯಿತು.

ಆದ್ದರಿಂದ ಮಹಾಶಯರೇ, ಅಧಿಕಾರವುಳ್ಳವರಿಂದ ಆಗದ್ದನ್ನು ತಮ್ಮಿಂದ ಬೇಡುತ್ತಿದ್ದೇನೆ. ಸಂಜೆ ಒಂದು ತಾಸು ತಮಗೆ ಗಂಟಲು ಕೆರೆಯಬಾರದೇ? ತಮ್ಮ ಮುಖವನ್ನು ಸಾಹುಕಾರರ ಬಂಗಲೆಯ ಕಡೆಗೆ ಒಂದಿಷ್ಟು ಹೊರಳಿಸಿ, ಇಷ್ಟು ವರ್ಷ ನಾವೇ ಅನುಭವಿಸಿದ ಭಾಗ್ಯದಲ್ಲಿ ಅವರಿಗೂ ಪಾಲು ಕೊಡಬಾರದೇ? ಅದೂ ಆಗದಿದ್ದರೆ ಸದ್ದಳೆಯುವ ಸಾಹೇಬರನ್ನೇ ನಮ್ಮ ಓಣಿಯಲ್ಲಿ ಕಾಯಂ ಆಗಿ ಬಾಡಿಗೆಗೆ ಇರಿಸುವಂತೆ ಶಿಫಾರಸು ಮಾಡಿರಿ; ಅವರಿಗೆ ಮನೆ ನಾವು ಕೊಡುತ್ತೇವೆ, ಊಟಕ್ಕೆ ಗದ್ದೆಮ್ಮ ಬೇಳೆ ನೆನೆಹಾಕುತ್ತಾರೆ. ಇವಾವುವೂ ಬೇಡವೆನಿಸಿದರೆ ತಮ್ಮ ಸುತ್ತ ಒಂದು ಗೋಡೆ, ಬಾಯಿಗೊಂದು ಸೈಲೆನ್ಸರ್ ಹಾಕಿಸಿಕೊಳ್ಳಿರಿ. ಹಾಗೆ ಮಾಡಬಹುದೆಂದು ಶಾವಲಿಯೇ ಒಮ್ಮೆ ಅಂದಿದ್ದರಂತೆ. ಅಂದ ಮೇಲೆ ಅವರು ಆ ಮಾತನ್ನು ಎರಡನೆಯ ಸಲ ಎತ್ತಿಲ್ಲ, ಏಕೆಂದರೆ ಕೆಲಸ ಬೇಕು.

ತಮ್ಮ ಕೀರ್ತಿ ತುರ್ವಿಹಾಳದವರೆಗೂ ಕೇಳಿಸಲಿ, ಆದರೆ ಅಲ್ಲಿಯೇ ಕೇಳಿಸಲಿ ಎಂದು ಹಾರೈಸುತ್ತ, ಉತ್ತರವನ್ನು ದಯವಿಟ್ಟು ಬಾಯಿಮಾತಿನಲ್ಲಿ ಕೊಡಬಾರದೆಂದು ವಿನಂತಿಸುವ,

ತಮ್ಮ ವಿಶ್ವಾಸಿ, ಬೇರೆ ದಾರಿಯಿಲ್ಲದೆ,
ಅನುಪಮಾ

ಮರೆತ ಮಾತು: ಮೆಹನಾಜ್ ಮಗಳನ್ನು ಕರೆದುಕೊಂಡು ಮುಕ್ಕುಂದದ ತವರಿಗೆ ಹೋಗಿದ್ದಾಳೆ, ಅಲ್ಲಿ ಹುಡುಗಿ ಮಷೀನ್ ಕೀಳುವುದಿಲ್ಲವಂತೆ. ಮೊನ್ನೆ ಹಗಲು ಅವಳು ಶಾವಲಿಗೆ ಫೋನ್ ಹಚ್ಚಿ ಆರ್ಜೂಳ ಬಾಯಿಯ ಹತ್ತಿರ ಹಿಡಿದಳಂತೆ, ಮತ್ತು ಮಗು ಮೊಟ್ಟಮೊದಲ ಸಲ, ಸ್ಪಷ್ಟವಾಗಿ, "ಅಬ್ಬಾ" ಎಂದು ಅಪ್ಪನನ್ನು ಕರೆಯಿತಂತೆ. ಶಾವಲಿ ಆಗ ತಮ್ಮ ಪಕ್ಕದಲ್ಲೇ ನಿಂತಿದ್ದರು. "ಹಲೋ, ಯಾರ್ರೀ? ಏನೂ ಕೇಳವಲ್ದು" ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ಎಷ್ಟು ಮುದ್ದು ಮಾಡಿದರೂ ಆರ್ಜೂ ಮತ್ತೆ ಅನ್ನಲಿಲ್ಲವಂತೆ. ಆ ಮಾತು ತಮ್ಮ ಹತ್ತಿರ ಎಲ್ಲಾದರೂ ಉಳಿದಿದ್ದರೆ, ದಯವಿಟ್ಟು ಶಾವಲಿಗೆ ತಲುಪಿಸಿರಿ.