ಮಾಲಿನಿಗೆ ಏನು ಕೊಡಲಿ?

ಮದುವೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಏನು ಕೊಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಬೀರುವಿನಲ್ಲಿ ಯಾರೋ ಕೊಟ್ಟ ಗೋಡೆ ಗಡಿಯಾರಗಳು ಇದ್ದೇ ಇರುತ್ತವೆ. ಕೊಟ್ಟವರಿಗೇ ವಾಪಸು ಹೋಗದ ಹಾಗೆ ನೋಡಿಕೊಂಡರೆ ಸಾಕು. ಅಷ್ಟು ಎಚ್ಚರದಲ್ಲೂ ಒಮ್ಮೆ ಗುಬ್ಬಿಯಲ್ಲಿ ಒಬ್ಬರು ನನ್ನ ಪೊಟ್ಟಣ ಬಿಚ್ಚಿ, "ಅಯ್ಯೋ, ನಮ್ದೇ ಬಂತಲ್ಲ!" ಎಂದು ನಕ್ಕಿದ್ದರು. ನಾನೂ ನಕ್ಕು ಊಟಕ್ಕೆ ಕೂತೆ. ಆದರೆ ಪರದೇಶದಲ್ಲಿ ಗಂಡ ತೀರಿಕೊಂಡಾಗ ಪಕ್ಕದಲ್ಲಿ ನಿಂತವಳಿಗೆ ಏನು ಕೊಡಬೇಕು? ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಕನ್ನಡ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಯಜಮಾನರು, "ವಿಮಾನ ಹತ್ತದೆ ಸತ್ತರೆ ನಾಚಿಕೆಗೇಡು" ಎಂದು ಹಟ ಹಿಡಿದು ಶ್ರೀಲಂಕೆಗೆ ಹೊರಡಿಸಿದರು. ಆ ಆಸೆಯೊಂದು ಪೂರ್ತಿ ನೆರವೇರಿತು. ಕ್ಯಾಂಡಿಯಲ್ಲಿ ನಾವು ಇಳಿದುಕೊಂಡದ್ದು ಮಾಲಿನಿ ಎಂಬಾಕೆಯ ಮನೆಯ ಮಹಡಿಯಲ್ಲಿ. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಒಂದು ಕೋಣೆಯಿತ್ತು. ಒಂದು ಬೆಳಿಗ್ಗೆ ಇವರು ಸುಸ್ತೆಂದು ಮಲಗಿದರು. ನಾನು ರಸ್ತೆಯಾಚೆ ಮಾತ್ರೆ ತರಲು ಹೋದೆ. ಮಾಲಿನಿ ಪಕ್ಕದಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಮಾತ್ರೆ ಹಿಡಿದು ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮಗೆ ಮಕ್ಕಳಿಲ್ಲ. ಕೊತ್ತಗೆರೆಯ ಮೈದುನನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಹಾಗಾಗಿ ಆಸ್ಪತ್ರೆ, ಪೊಲೀಸ್ ಠಾಣೆ, ಕಚೇರಿ ಎಂದು ಅಲೆದವನು ಮಾಲಿನಿಯ ಗಂಡ. ಸುಡುಗಾಡಿನಲ್ಲಿ ಮಾಲಿನಿ ಬಿಳಿ ಸೀರೆ ಉಟ್ಟು, ನನ್ನ ಕೈ ಬಿಡದೆ ನಿಂತಿದ್ದಳು. ನಮ್ಮಿಬ್ಬರಿಗೂ ಬರುತ್ತಿದ್ದುದು ಹರಕುಮುರುಕು ಇಂಗ್ಲಿಷ್. ಅವತ್ತು ಅದೂ ಬೇಕಾಗಲಿಲ್ಲ. ಅಸ್ಥಿಯ ಮಡಕೆ ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆ.

ವರ್ಷದ ತಿಥಿ ಮುಗಿದ ಮೇಲೆ, ಮಾಲಿನಿಗೆ ಏನಾದರೂ ಕೊಟ್ಟು ಬರುತ್ತೇನೆ ಎಂದೆ. ಮೈದುನ ಹೌಹಾರಿದ. "ಏನತ್ಗೆ ನೀವು, ಸಾವಿಗೆ ಆದೋರ್ಗೆ ಯಾರಾದ್ರೂ ಉಡುಗೊರೆ ಕೊಡ್ತಾರಾ? ಒಂದು ಫೋನ್ ಮಾಡಿ ಸಾಕು." ಹಾಗೆಂದವನೇ ತನಗೆ ಪಾಸ್‌ಪೋರ್ಟ್ ಇಲ್ಲದ್ದು ನೆನಪಾಗಿ ತಲೆ ತಗ್ಗಿಸಿದ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಸೀರೆ ಹರವುತ್ತ ಹುಡುಗಿ, "ಯಾವ ಫಂಕ್ಷನ್ಗೆ ಮೇಡಂ?" ಎಂದು ಕೇಳಿದಳು. ನಾನು ತಬ್ಬಿಬ್ಬಾಗಿ, "ಬಿಳಿ ಒಂದು ಬಿಟ್ಟು ಯಾವುದಾದರೂ ತೋರಿಸಮ್ಮ" ಎಂದೆ. ಬೆಳ್ಳಿ ಕುಂಕುಮದ ಭರಣಿ ಕೊಡೋಣವೆಂದರೆ ಆಕೆ ಬೌದ್ಧರವಳು, ಕುಂಕುಮ ಇಡುವುದನ್ನು ನಾನು ಕಂಡಿರಲಿಲ್ಲ. ಕೊನೆಗೆ ಗಿಣಿಹಸಿರು ಸೀರೆಯೊಂದನ್ನು ಆರಿಸಿದೆ.

ನಿಟ್ಟೂರಿನಿಂದ ತಂಗಿ ಗಿರಿಜೆ ಒಂದು ಚೀಲ ಕೊಬ್ಬರಿ ಹೊತ್ತುಕೊಂಡು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದಳು.

"ಲಂಕೆ ತುಂಬ ತೆಂಗಿನ ಮರಗಳೇ ಇದಾವೆ ಗಿರಿಜಾ!"

"ಇರ್ಲಿ ಬುಡಕ್ಕ. ಅವ್ರ್ದು ಅವ್ರ್ದು, ನಮ್ದು ನಮ್ದು. ಭಾವನ್ನ ನೋಡ್ಕೊಂಡೋರಿಗೆ ನಮ್ ತೋಟದ್ದು ಒಂದಾದ್ರೂ ಬ್ಯಾಡ್ವಾ?" ಎನ್ನುತ್ತ ಅವಳೇ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಇನ್ನು ಬೇಡವೆನ್ನುವುದು ಹೇಗೆ? ತುಂಬಿಕೊಂಡೆ. ವಿಮಾನ ನಿಲ್ದಾಣದಲ್ಲಿ, ಕೊಬ್ಬರಿಯಲ್ಲಿ ಎಣ್ಣೆಯಿದೆ, ಬೆಂಕಿ ಹತ್ತೀತು ಎಂದು ಅಷ್ಟನ್ನೂ ತೆಗೆಸಿಬಿಟ್ಟರು. ತಂಗಿಗೆ ಮಾತ್ರ, "ತುಂಬ ಇಷ್ಟಪಟ್ಟರು" ಎಂದೇ ಇವತ್ತಿಗೂ ಹೇಳುತ್ತೇನೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಸೀರೆ ಬರೀ ನೆಪ. ಸೀರೆಯನ್ನು ಕೊರಿಯರಿನಲ್ಲೂ ಕಳಿಸಬಹುದಿತ್ತು. ನಾನು ಹೋದದ್ದು ಒಂದು ಮಾತು ಕೇಳಲು. ಇವರು ಕೊನೆಗೆ ಏನೆಂದರು? ನಾನಿಲ್ಲವೆಂದು ಹುಡುಕಿದರೇ? ಅದನ್ನು ಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಅವಳಿಗೆ ಕನ್ನಡ ಬಾರದು.

ಮಾಲಿನಿ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಚಹಾ ತಂದಿಟ್ಟಳು. ಕೇಳಬೇಕಾದ್ದನ್ನು ಬಿಟ್ಟು ಸೀರೆಯ ಬಣ್ಣ, ವಿಮಾನದ ಊಟ ಎಂದು ಏನೇನೋ ಹೇಳಿದೆ. ಕೊನೆಗೆ ಅವಳೇ ನನ್ನ ಪಕ್ಕಕ್ಕೆ ಸರಿದು, ತನ್ನ ಇಂಗ್ಲಿಷಿನಲ್ಲಿ, "ನೀವಿಲ್ಲದಾಗ ಹೋದರೆಂದು ದುಃಖಪಡಬೇಡಿ. ಅವರು ನಿಮ್ಮ ಹೆಸರನ್ನೇ ಕೂಗುತ್ತಿದ್ದರು" ಎಂದಳು.

ಮದುವೆಯಾದಾಗಿನಿಂದ ಅವರು ನನ್ನನ್ನು ಒಮ್ಮೆಯೂ ಸರೋಜಾ ಎಂದು ಕರೆದವರಲ್ಲ. ಲೇ, ಇವಳೇ, ಅಷ್ಟೇ. "ಏನೆಂದು ಕೂಗಿದರು?" ಎಂದೆ.

"ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರಿತ್ತು. ಇದು ನಿಮ್ಮ ಮನೆಯ ಹೆಸರಿರಬೇಕು." ಮಾಲಿನಿ ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ನೆನಪಿಸಿಕೊಂಡು, ಪ್ರಾರ್ಥನೆ ಹೇಳುವವಳಂತೆ ನುಡಿದಳು: "ಉಪ್ಪಿಲ್ಲ... ಉಪ್ಪಿಲ್ಲ ಕಣೇ..."

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಅವರಿಗೆ ಬಿ.ಪಿ. ಬಂದಾಗಿನಿಂದ ಡಾಕ್ಟರ ಮಾತು ಕೇಳಿ ಎಲ್ಲದಕ್ಕೂ ಉಪ್ಪು ಕಮ್ಮಿ ಹಾಕುತ್ತಿದ್ದವಳು ನಾನು. ತಟ್ಟೆಯ ಮುಂದೆ ಕೂತಾಗಲೆಲ್ಲ ಅವರ ಬಾಯಲ್ಲಿ ಇದೇ ಮಾತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಪ್ಪಲ್ಲ, ಆ 'ಕಣೇ'. ಅವರು ಪರಹೆಂಗಸಿನ ಜೊತೆ ತಲೆಯೆತ್ತಿ ಮಾತಾಡದ ಮನುಷ್ಯ. ಬೇರೆಯವರ ಮನೆಯಲ್ಲಿ ಸಾರು ಕೆಟ್ಟಿದ್ದರೂ "ಚೆನ್ನಾಗಿದೆಯಮ್ಮ" ಎಂದು ಬಡಿಸಿಕೊಳ್ಳುವವರು. ಅಂಥವರು ಮಾಲಿನಿಗೆ ಕಣೇ ಎನ್ನುತ್ತಾರೆಯೇ? ಆ ಮಂಪರಿನಲ್ಲಿ ಚಮಚ ಹಿಡಿದು ಕೂತಿದ್ದವಳು ನಾನೇ ಎಂದು ತಿಳಿದುಕೊಂಡಿದ್ದರು. ಅವರ ಮಟ್ಟಿಗೆ ನಾನು ಅಲ್ಲೇ ಇದ್ದೆ. ಅವಳು ಮಾಡಿದ ಗಂಜಿಗೆ ಬೈಗುಳವನ್ನು ನನಗೆ ಕೊಟ್ಟು ಹೋದರು.

"ಅದು ನಿಮ್ಮ ಹೆಸರೇ ಅಲ್ಲವೇ?" ಎಂದು ಮಾಲಿನಿ ಗಾಬರಿಯಿಂದ ಕೇಳಿದಳು.

"ಹೌದು," ಎಂದೆ. "ಅವರು ಕರೆಯುತ್ತಿದ್ದ ಹೆಸರು."

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತೆವು.

ಈಗ ಹಬ್ಬ ಹುಣ್ಣಿಮೆಗೆ ನನ್ನ ಮೊಬೈಲಿಗೆ ಕ್ಯಾಂಡಿಯಿಂದ 'ಡಿಯರ್ ಉಪ್ಪಿಲ್ಲ' ಎಂದು ಮೆಸೇಜು ಬರುತ್ತದೆ. ಮೊನ್ನೆ ಗಿರಿಜೆ ಅದನ್ನು ನೋಡಿ, "ಯಾರಕ್ಕ ಇದು ಉಪ್ಪಿಲ್ಲ?" ಎಂದಳು. "ನಾನೇ" ಎಂದೆ. ನಮ್ಮ ಯಜಮಾನರು ಬದುಕಿರುವವರೆಗೂ ನನ್ನ ಅಡುಗೆಗೆ ಹೆಸರಿಟ್ಟರು. ಹೋಗುವಾಗ ನನಗೇ ಇಟ್ಟು ಹೋದರು.