ನೀಲಕಂಠಪ್ಪನ ಕಿವಿ ಮತ್ತು ಅಜ್ಜನ ದಿನಚರಿ

“ಆ ಹೊಲಸು ಪುಸ್ತಕಾ ಇವತ್ತ ರದ್ದಿಯವಗ ಹಾಕ್ಲಿಲ್ಲಂದ್ರ ನಾನ ಒಲಿಗೆ ಹಾಕ್ತೀನಿ. ಮೂರು ದಿನಾ ಆತು, ಹಿಟ್ಟಿನ ಡಬ್ಬಿ ಮ್ಯಾಲ ಕುಂತೈತಿ. ಜಿರಳಿ ರೊಟ್ಟಿತನಕ ಬಂದಾವ.”

“ಹಾಕು ನೋಡೂಣು. ಅದರ ಜೋಡಿ ನನ್ನೂ ಹಾಕು,” ಎಂದು ನೀಲಕಂಠಪ್ಪ ಕೂಗಿದ.

ಸಯನ್‌ನ ಆ ಚಾಳಿನಲ್ಲಿ ಎರಡನೇ ಮಾಳಿಗೆಯ ಬಾಗಿಲುಗಳೆಲ್ಲ ಒಂದೇ ಸಲಕ್ಕೆ ತೆರೆದುಕೊಂಡವು.

ನಾಗವ್ವನ ಸಿಟ್ಟು ಸುಳ್ಳಲ್ಲ. ಗಂಡನದೂ ಸುಳ್ಳಲ್ಲ. ಅಂದು ೧೯೫೬ರ ಮೇ ಮೂವತ್ತೊಂದು. ಆಫೀಸಿನ ದಫ್ತರದ ಪ್ರಕಾರ ಮರುದಿನ ಅವನಿಗೆ ಐವತ್ತೈದು ತುಂಬುತ್ತಿತ್ತು. ಆ ಸಂಜೆಯೇ ಹಾರ ಹಾಕಿ ಕಳಿಸುವವರಿದ್ದರು. ನೌಕರಿಯ ಬೆನ್ನಿಗೆ ಕಂಪನಿ ಕೊಟ್ಟ ಈ ಖೋಲಿಯೂ ಹೋಗುತ್ತಿತ್ತು. ಆದರೆ ಅವನ ತಾಯಿ ಸಾಯುವತನಕ ಹೇಳಿದ್ದೇ ಬೇರೆ: ಶಾಲೆಯಲ್ಲಿ ಮೂರು ವರ್ಷ ಹೆಚ್ಚು ಬರೆಸಿದ್ದಾರೆ, ಅಜ್ಜನ ದಿನಚರಿಯಲ್ಲಿ ಎಲ್ಲ ಇದೆ. ಊರಿನಿಂದ ದಿನಚರಿ ತರಿಸಿದ್ದಾಯಿತು. ಮಧ್ಯಾಹ್ನ ಮೂರರೊಳಗೆ ಲಿಖಿತ ಆಧಾರ ತಂದರೆ ನೋಡೋಣ ಎಂದು ಮೇಲಧಿಕಾರಿ ಜಯಸಿಂಹ ಮಾತು ಕೊಟ್ಟಿದ್ದ.

ತೊಂದರೆ ಒಂದೇ. ಅಜ್ಜ ಬರೆದದ್ದು ಹಳೆಯ ಮೋಡಿ ಲಿಪಿಯಲ್ಲಿ, ಅದೂ ಲೇಖಣಿ ಎತ್ತದೆ. ಪುಟದ ಮೊದಲಿನಿಂದ ಕೊನೆಯವರೆಗೆ ಒಂದೇ ದಾರ, ಬೆಕ್ಕು ಆಡಿಬಿಟ್ಟ ನೂಲಿನುಂಡೆಯ ಹಾಗೆ. ಪಕ್ಕದ ಖೋಲಿಯ ಮಲ್ಲವ್ವ ಇಣುಕಿ, ಇದು ಬರಹವೇ ಅಲ್ಲ, ಅಳಿಸಿದ ರಂಗೋಲಿ ಅಂದಳು. ಮೇಲಿನ ಮಾಳಿಗೆಯ ಟೀಚರ್ ವಿನೋದಿನಿಬಾಯಿ ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿ, ಹೀಗೆ ಹಿಡಿದರೆ ಸ್ವಲ್ಪ ವಾಸಿ ಅಂದಳು.

ಮೋಡಿ ಬಲ್ಲವನು ಚಾಳಿಗೆಲ್ಲ ಒಬ್ಬನೇ: ಧಾರವಾಡದ ಕಡೆ ಕಚೇರಿಯಲ್ಲಿ ಕಾರಕೂನನಾಗಿದ್ದ ಮುದುಕ ಗದಿಗೆಪ್ಪ. ಅವನಿಗೊಂದು ಹಟ. ಸತ್ತ ಹಿರಿಯರ ಬರಹವನ್ನು ನಡುವಿನಿಂದ ಓದಬಾರದು, ಮೊದಲ ಪುಟದಿಂದಲೇ ಬರಬೇಕು.

“ಕಾಕಾ, ಶಾಲಿ ಸುದ್ದಿ ಅಷ್ಟ ಹುಡುಕ್ರಿ.”

“ನಿಮ್ಮ ಅಜ್ಜ ಮಾತಾಡೂಮುಂದ ನಡುವ ಬಾಯಿ ಹಾಕ್ತಿದ್ದಿ ಏನು? ಸುಮ್ನ ಕೂಡು.”

ಎತ್ತಿಗೆ ಕೆಮ್ಮು ಬಂದದ್ದು, ಬೇಲಿಯಲ್ಲಿ ಹಾವು ಕಂಡದ್ದು ಮುಗಿಯುವಷ್ಟರಲ್ಲಿ ಒಂಬತ್ತು ಹೊಡೆಯಿತು. ಆಫೀಸು ಬಿಡುವಂತಿಲ್ಲ, ಅಜ್ಜನನ್ನೂ ಬಿಡುವಂತಿಲ್ಲ. ನೀಲಕಂಠಪ್ಪ ಮುದುಕನನ್ನು ದಿನಚರಿ ಸಮೇತ ಲೋಕಲ್ ರೈಲು ಹತ್ತಿಸಿಕೊಂಡ.

ಕಿಟಕಿ ಪಕ್ಕ ಜಾಗ ಸಿಕ್ಕಿತು. ಗದಿಗೆಪ್ಪನ ದನಿ ಗಾಲಿಯ ಸದ್ದಿನೊಳಗೆ ಸೇರಿಹೋಯಿತು. ಜೋಳಕ್ಕೆ ತೆನೆ ಬಂತು. ಮೋಡ ಕಟ್ಟಿ ಚದುರಿತು. ಅಂಗಳದಲ್ಲಿ ಎಳೆಬಿಸಿಲು. ನೀಲಕಂಠಪ್ಪನ ಕಣ್ಣು ಅರ್ಧ ಮುಚ್ಚಿತು. ಗಿರಣಿಗಳ ಚಿಮಣಿಗಳೆಲ್ಲ ಜಾಲಿಮರಗಳಾದವು. ಅಜ್ಜ ರುಮಾಲು ಸುತ್ತಿಕೊಂಡು ಎದುರಿನ ಸೀಟಿನಲ್ಲೇ ಕೂತಿದ್ದ, ಬಾಯಲ್ಲಿ ಎಲೆಯಡಿಕೆ. ನಾನು ಐವತ್ತೈದೋ ಐವತ್ತೆರಡೋ ಎಂದು ಕೇಳಬೇಕೆಂದರೆ ನಾಲಿಗೆ ಏಳಲಿಲ್ಲ. ಕೇಳುವ ಅವಸರವೂ ಉಳಿಯಲಿಲ್ಲ.

ಕೊನೆಯ ಸ್ಟೇಶನ್ನು ಬಂತು, ಜನ ಇಳಿದರು, ಬೇರೆ ಜನ ಹತ್ತಿದರು, ಗಾಡಿ ಬಂದ ದಾರಿಗೇ ತಿರುಗಿತು. ಹೀಗೆ ಎರಡು ಸಲವಾದರೂ ಇಬ್ಬರಿಗೂ ಖಬರಿಲ್ಲ.

“ಸಿಕ್ತು,” ಎಂದು ಗದಿಗೆಪ್ಪ ತೊಡೆಗೆ ಬಡಿದಾಗ ಹೊರಗೆ ಮುಲುಂಡ್‌ನ ಫಲಕ ಕಂಡಿತು.

ಅಜ್ಜ ಬರೆದದ್ದು ಹೀಗಿತ್ತು: “ಶಕೆ ೧೮೩೧, ಜ್ಯೇಷ್ಠ. ಮೊಮ್ಮಗ ನೀಲಕಂಠನಿಗೆ ಐದು ತುಂಬಿತು. ಮನೆಯಲ್ಲಿ ಇವನ ಕಾಟ ತಾಳಲಾಗದು. ಐದರ ಮಕ್ಕಳನ್ನು ಶಾಲೆಯಿಂದ ಮಧ್ಯಾಹ್ನವೇ ಬಿಡುತ್ತಾರೆ, ಎಂಟರವರನ್ನು ಸಂಜೆತನಕ ಕೂರಿಸುತ್ತಾರೆ. ಎಂಟೆಂದು ಬರೆದುಕೊಳ್ಳಿರೆಂದೆ. ಮಾಸ್ತರರು ಹುಡುಗನ ಬಲಗೈ ತಲೆಯ ಮೇಲಿಂದ ಹಾಯಿಸಿ ನೋಡಿದರು. ಎಡಗಿವಿ ಮುಟ್ಟಲಿಲ್ಲ. ಒಂದು ಬುಟ್ಟಿ ಬದನೆಕಾಯಿ ಕಳಿಸಿದೆ. ಮುಟ್ಟಿತು.”

ನೀಲಕಂಠಪ್ಪ ಮುದುಕನ ಕಾಲಿಗೇ ಬಿದ್ದ. ಅಲ್ಲೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗದಿಗೆಪ್ಪ ಅದನ್ನು ಕನ್ನಡಕ್ಕೆ ಇಳಿಸಿ ರುಜು ಹಾಕಿಕೊಟ್ಟ. ಇವನು ಎದುರಿನ ಗಾಡಿ ಹಿಡಿದು, ಮುದುಕನನ್ನು ಸಯನ್‌ನಲ್ಲಿ ಇಳಿಸಿ, ಆಫೀಸು ಮುಟ್ಟುವಾಗ ಎರಡೂಮುಕ್ಕಾಲು.

ಹಾರ ಆಗಲೇ ಬಂದಿತ್ತು. ನೀರು ಚಿಮುಕಿಸಿ ಟೇಬಲ್ ಫ್ಯಾನಿನ ಮುಂದೆ ಇಟ್ಟಿದ್ದರು. ಜಯಸಿಂಹ ಮೈಸೂರಿನವನು, ಕನ್ನಡ ಬಲ್ಲವನು, ಇವನಿಗಿಂತ ಹದಿನೈದು ವರ್ಷ ಚಿಕ್ಕವನು. ಕಾಗದಕ್ಕೆ ಆವಕದ ಮೊಹರು ಒತ್ತಿಸಿ, ನಂಬರು ಹಾಕಿಸಿ, ಆಮೇಲೆ ಓದಿದ. ಬದನೆಕಾಯಿಯ ಹತ್ತಿರ ನಕ್ಕ. ಮತ್ತೆ ಮೇಲಿನ ಶಕೆಯ ಲೆಕ್ಕ ಹಾಕಿದಂತೆ ನಗು ನಿಂತಿತು. ಎದ್ದುಹೋಗಿ ಹಳೆಯ ಸರ್ವಿಸ್ ಬುಕ್ ತಂದ.

“ನಿಮ್ಮ ತಾತ ಸತ್ಯವಂತರು, ನೀಲಕಂಠಪ್ಪನೋರೇ. ನಾನು ನಂಬ್ತೀನಿ. ನಿಮಗೆ ಐವತ್ತೆರಡೇ.”

“ಹಂಗಾದ್ರ ಹಾರ ವಾಪಸ್ ಕಳಸ್ರಿ, ಸಾಹೇಬ್ರ.”

“ಸ್ವಲ್ಪ ತಾಳಿ. ಹತ್ತೊಂಬತ್ತನೇ ಇಸವೀಲಿ ನೀವು ಇಲ್ಲಿ ಸೇರ್ದಾಗ ನಿಮಗೆ ಹದಿನೈದಾಯ್ತು. ಹದಿನೆಂಟು ತುಂಬದೋರನ್ನ ಈ ಕಂಪನಿ ತಗೊಳ್ಳೋ ಹಾಗೇ ಇಲ್ಲ. ಐವತ್ತೈದಾಗಿದ್ರೆ ಇವತ್ತು ಸಂಜೆ ನಿಮ್ಮ ನೌಕರಿ ಮುಗೀತಿತ್ತು. ಐವತ್ತೆರಡಾದ್ರೆ ನೀವು ನೌಕರಿಗೆ ಸೇರೇ ಇಲ್ಲ.”

ನೀಲಕಂಠಪ್ಪ ಕಾಗದಕ್ಕೆ ಕೈ ಚಾಚಿದ. ಮೊಹರು ಬಿದ್ದದ್ದನ್ನು ವಾಪಸು ಕೊಡುವಂತಿಲ್ಲ ಎಂದು ಜಯಸಿಂಹ ಅದನ್ನು ಫೈಲಿನೊಳಗೆ ಸೇರಿಸಿದ.

“ಮತ್ತ ಮೂವತ್ತೇಳು ವರ್ಷ ಈ ಕುರ್ಚಿ ಮ್ಯಾಲ ಕುಂತಾವ ಯಾರ್ರಿ?”

“ಅದನ್ನೇ ಮೇಲಕ್ಕೆ ಬರೆದು ಕೇಳ್ಬೇಕು.”

ಫ್ಯಾನು ತಿರುಗುತ್ತಿತ್ತು. ಹಾರದ ಒಂದೆರಡು ಎಸಳು ಹಾರಿ ಬಂದು ಸರ್ವಿಸ್ ಬುಕ್ಕಿನ ಮೇಲೆ ಬಿದ್ದವು. ನೀಲಕಂಠಪ್ಪ ಬಲಗೈಯನ್ನು ಮೆಲ್ಲಗೆ ತಲೆಯ ಮೇಲಿಂದ ಹಾಯಿಸಿದ. ಬೆರಳು ಎಡಗಿವಿಯನ್ನು ಸಲೀಸಾಗಿ ಮುಟ್ಟಿತು, ಒಂದು ಬದನೆಕಾಯಿಯ ಖರ್ಚೂ ಇಲ್ಲದೆ. ಮುಖದ ಮೇಲೆ ಎಂಥದೋ ಎಳೆಬಿಸಿಲು ಬಿತ್ತು.

“ಹೊರಗ ಹೋಗಿ ಬರ್ಲೇನ್ರಿ?” ಎಂದು ಕೇಳಿದ.

ಜಯಸಿಂಹ ಆಗಲಿ ಎಂಬಂತೆ ತಲೆಯಾಡಿಸಿದ.

ಕಿವಿ ಹಿಡಿದುಕೊಂಡೇ ಅವನು ಮೇಜುಗಳ ಸಾಲು ದಾಟಿ ಮೆಟ್ಟಿಲಿಳಿದ. ಆರರವರೆಗೆ ಎಲ್ಲರೂ ಕಾದರು. ಚಹಾ ಆರಿತು. ಕೊನೆಗೆ ಹಾರವನ್ನು ಖಾಲಿ ಕುರ್ಚಿಗೇ ಹಾಕಿ ದೀಪ ಆರಿಸಿದರು. ಸಂಜೆತನಕ ಕೂರಬೇಕಾಗಿದ್ದ ಹುಡುಗ ತಿರುಗಿ ಬರಲಿಲ್ಲ.