ಚಿಲಕ ಕೊಳ್ಳಲು ಬಂದವರು

ಹಿಡಿ, ಚಿಲಕ, ಬೀಗ ಮಾರುವ ಅಂಗಡಿಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳಬೇಡಿ. ಹದಿನೈದು ದಿನಕ್ಕೊಂದಾದರೂ ತಮಾಷೆ ನಡೆಯದೆ ಇದ್ದರೆ, ಯಾಕೋ ಅಂಗಡಿ ತೆಗೆದೇ ಇಲ್ಲವೇನೋ ಎಂದು ನನಗೆ ಅನುಮಾನ ಬರುತ್ತದೆ.

ರಾಮನಗರದಲ್ಲಿ ನಾನು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಬಹಳ ವರ್ಷವಾಯಿತು. ಈಗ ಹೇಳುತ್ತಿರುವುದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬಿಡದಿಯಲ್ಲಿ ಕಾರ್ಖಾನೆ, ಹಾರೋಹಳ್ಳಿಯಲ್ಲಿ ಕಾರ್ಖಾನೆ. ಅವುಗಳ ಹಿಂದೆಯೇ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮನೆ ರಿಪೇರಿಯ ಹುಚ್ಚು ಹತ್ತಿತು. ಹಳೇ ಮನೆಗೆ ಹೊಸ ಅಡುಗೆಮನೆ, ಅಡುಗೆಮನೆಗೆ ಸಾಲು ಕಪಾಟು. ಅಲ್ಲಿಯವರೆಗೆ ಬಾಗಿಲಿಗೆ ಒಂದು ಅಗಳಿ, ಒಂದು ಕೊಂಡಿ ಬಿಟ್ಟು ಬೇರೆ ಕಂಡಿರದವರು ನನ್ನ ಗೋಡೆಯ ಮೇಲೆ ಜೋಡಿಸಿದ್ದ ನೂರಾರು ಹಿಡಿಗಳ ಮುಂದೆ ಬಂದು ನಿಲ್ಲುತ್ತಿದ್ದರು. ನನಗೋ ಒಂದು ಕೆಟ್ಟ ಚಾಳಿ. ಕೇಳಿದ್ದನ್ನು ಕೊಟ್ಟು ಸುಮ್ಮನಿರಲಾರೆ. "ಯಾಕೆ, ಇದೇ ಯಾಕೆ ಬೇಕು?" ಅಂತ ಕೇಳಿಬಿಡುತ್ತೇನೆ. ಆಗ ಉತ್ತರ ಬರುತ್ತದೆ.

ಗಟ್ಟಿ ಹಿಡಿ

ವಿರೂಪಾಕ್ಷಿಪುರದ ಕಡೆಯ ಒಬ್ಬ ರೈತರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು, ಒಳ್ಳೆ ಆಳು. ಅಡುಗೆಮನೆ ಕಪಾಟಿಗೆ ಹಿಡಿ ಬೇಕಂತೆ. ಎಲ್ಲರೂ ಹಿಡಿಯನ್ನು ಕಣ್ಣಲ್ಲಿ ನೋಡಿ ಆರಿಸಿದರೆ ಇವರು ನೋಡಲೇ ಇಲ್ಲ. ಪ್ಲೈವುಡ್ ಹಲಗೆಗೆ ಸಾಲಾಗಿ ಬಿಗಿದಿದ್ದ ಹಿಡಿಗಳನ್ನು ಮೇಲಿನ ಸಾಲಿನಿಂದ ಒಂದೊಂದಾಗಿ ಹಿಡಿದು ಜಗ್ಗತೊಡಗಿದರು.

"ಯಾಕೆ ಯಜಮಾನ್ರೇ, ಹಂಗೆ ಎಳೀತಾ ಇದೀರಿ?"

"ನಮ್ಮನೇಲಿ ಮೆತ್ತಗೆ ಎಳ್ಯೋರು ಯಾರೂ ಇಲ್ಲ ಕಣಣ್ಣ. ನಮ್ಮನೆಯೋಳಿಗೆ ಸಿಟ್ಟು ಬಂದ್ರೆ ನನ್ನ ಮಾತಾಡ್ಸಕಿಲ್ಲ, ಕಪಾಟ್ನ ಎಳೀತಾಳೆ."

"ದಿನಕ್ಕೆ ಎಷ್ಟು ಸಲ ಸಿಟ್ಟು ಬತ್ತದೆ?"

"ಅದ್ಕೇ ಗಟ್ಟಿದು ನೋಡ್ತಿರೋದು."

ಮೂರನೇ ಸಾಲಿನಲ್ಲಿ ಒಂದು ಉದ್ದನೆಯ ಸ್ಟೀಲ್ ಹಿಡಿ ಅವರಿಗೆ ಹಿಡಿಸಿತು. ಒಂದು ಸಲ ಜಗ್ಗಿದರು, ಅಲ್ಲಾಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಒಂದು ಕಾಲನ್ನು ಗೋಡೆಗೆ ಕೊಟ್ಟು, ಎರಡೂ ಕೈಯಲ್ಲಿ ಜಗ್ಗಿದರು. ಇಡೀ ಹಲಗೆ ಮೊಳೆ ಸಮೇತ ಗೋಡೆ ಬಿಟ್ಟು ಬಂತು. ಅಷ್ಟೂ ಹಿಡಿಗಳನ್ನು ಎದೆಗೆ ಅವುಚಿಕೊಂಡು ಅವರು ನೆಲದ ಮೇಲೆ ಕೂತುಬಿಟ್ಟಿದ್ದರು. ನಾನು ಗಾಬರಿಯಿಂದ ಓಡಿದರೆ, ಹಲಗೆಯ ಹಿಂದಿನಿಂದ ಶಾಂತವಾದ ದನಿ ಬಂತು.

"ಹಿಡಿ ಚೆನ್ನಾಗೈತೆ. ನಿಮ್ಮ ಗೋಡೆನೇ ಒಸಿ ಸಡ್ಲ. ಇದೇ ಹನ್ನೆರಡು ಕೊಡಿ."

ಸದ್ದು ಮಾಡುವ ಚಿಲಕ

ಸದ್ದಾಗದ ಚಿಲಕ ಬೇಕೆಂದು ಬರುವವರು ಬೇಕಾದಷ್ಟು ಜನ. ಸದ್ದಾಗುವ ಚಿಲಕವನ್ನೇ ಹುಡುಕಿಕೊಂಡು ಬಂದವರು ನನ್ನ ಅನುಭವದಲ್ಲಿ ಒಬ್ಬರೇ. ಕನಕಪುರದ ಒಬ್ಬ ಟೀಚರಮ್ಮ.

"ಕಪಾಟಿಗೆ ಹಾಕೋದು. ತೆಗೆದ್ರೆ ಚೆನ್ನಾಗಿ ಸದ್ದು ಬರಬೇಕು," ಎಂದರು. ನಾನು ಹೊಸ ಮಾದರಿಯದೊಂದು ತೋರಿಸಿ, "ಇದು ನೋಡಿ ಮೇಡಂ, ಬೆಣ್ಣೆ ಹಾಗೆ ಜಾರುತ್ತೆ," ಎಂದೆ. ಮುಖ ಸಿಂಡರಿಸಿದರು. ಆಮೇಲೆ ಅಂಗಡಿಯ ಆ ತುದಿಗೆ ಹೋಗಿ, ನನಗೆ ಬೆನ್ನು ಹಾಕಿ ನಿಂತು, "ಒಂದೊಂದಾಗಿ ತೆಗೀತಾ ಹೋಗಿ, ನಾನು ಹೇಳ್ತೀನಿ," ಎಂದರು. ನಾನು ಚಿಲಕ ಎಳೆಯುವುದು, ಅವರು ಅಲ್ಲಿಂದಲೇ "ಕೇಳಿಸ್ಲಿಲ್ಲ" ಎನ್ನುವುದು. ಪರೀಕ್ಷೆ ಬರೆಯುವ ಹುಡುಗನ ಹಾಗೆ ನಾನು ಬೆವರಿದೆ. ಕೊನೆಗೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಒಂದು ಹಳೇ ಕಬ್ಬಿಣದ ಚಿಲಕ ಎಳೆದೆ. ಕಿರ್ರ್ ಎಂದು ಕೂಗಿಕೊಂಡಿತು.

"ಅದೇ!" ಎಂದು ಟೀಚರಮ್ಮ ತಿರುಗಿದರು.

"ಇದೇ ಯಾಕೆ ಮೇಡಂ?"

"ನಮ್ಮ ಯಜಮಾನ್ರಿಗೆ ಸಕ್ಕರೆ ಕಾಯಿಲೆ. ಕಪಾಟಿನಲ್ಲಿ ಮಕ್ಕಳಿಗೆ ರವೆ ಉಂಡೆ ಮಾಡಿಟ್ಟಿರ್ತೀನಿ."

ಒಂದು ವಾರ ಕಳೆದ ಮೇಲೆ ಒಬ್ಬರು ಸಾಧು ಮುಖದ ಗಂಡಸು ಬಂದು, ಕಿರುಗುಟ್ಟುವ ಕಬ್ಬಿಣಕ್ಕೆ ಯಾವ ಎಣ್ಣೆ ಒಳ್ಳೆಯದು ಎಂದು ಬಹಳ ಮೆಲ್ಲಗೆ ಕೇಳಿದರು. ನಾನೂ ವ್ಯಾಪಾರದ ಭರದಲ್ಲಿ ಹೆಚ್ಚು ಯೋಚಿಸದೆ ಒಂದು ಡಬ್ಬಿ ಕೊಟ್ಟುಬಿಟ್ಟೆ. ಮತ್ತೆರಡು ದಿನಕ್ಕೆ ಟೀಚರಮ್ಮ ಬಾಗಿಲಲ್ಲಿ ಪ್ರತ್ಯಕ್ಷ.

"ನಮ್ಮನೆಯವರಿಗೆ ಎಣ್ಣೆ ಕೊಟ್ಟಿದ್ದು ನೀವೇ ತಾನೆ?"

ನಾನು ಸಿಕ್ಕಿಬಿದ್ದಿದ್ದೆ. ಆದರೂ ಚಾಳಿ ಬಿಡಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತು ಮೇಡಂ? ಸದ್ದು ಬಂತಾ?"

"ಬರಲಿಲ್ಲ. ಅದಕ್ಕೇ ಗೊತ್ತಾಯ್ತು."

ಬಣ್ಣದ ಗುಂಡು

ಇದು ಚಿಕ್ಕದು. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಒಬ್ಬ ಹಿರಿಯರು ತಮ್ಮ ಮನೆ ಬೀರುವಿಗೆ ಹಿಡಿ ಕೊಳ್ಳಲು ಬಂದು, ಫಳಫಳ ಹೊಳೆಯುವ ಸ್ಟೀಲಿನದನ್ನೇ ಆರಿಸಿದರು. ನನಗೆ ಆಶ್ಚರ್ಯ. ಬೆಂಗಳೂರಿನವರು ಕಾರು ಮಾಡಿಕೊಂಡು ಬಂದು ಅರಗು ಬಣ್ಣದ ಮರದ ಗುಂಡು ಹಿಡಿಗಳನ್ನು ಇವರ ಕೈಯಲ್ಲೇ ಮಾಡಿಸಿಕೊಂಡು ಹೋಗುತ್ತಿದ್ದರು.

"ನೀವೇ ಕಡೆದು ಹಾಕ್ಕೋಬಹುದಲ್ಲ?" ಎಂದೆ.

"ಬೆಳಗಾಗೆದ್ರೆ ಅದೇ ಮುಖ ನೋಡೋದು. ಮನೇಲೂ ಅದೇನಾ?" ಎಂದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಜಿನ ಡ್ರಾಯರ್ ಮೇಲೆ ಬಿತ್ತು. ಅದಕ್ಕೆ ಕೆಂಪು, ಹಳದಿ ಬಣ್ಣದ ಮರದ ಗುಂಡು ಹಾಕಿಸಿದ್ದೆ. ಬಗ್ಗಿ ನೋಡಿ, ಬೆರಳಲ್ಲಿ ಸವರಿ, "ಏನ್ ಸಾಹೇಬ್ರೇ, ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಇದ್ಯಾವನೋ ಅರೆಬರೆ ಕಲಿತೋನ ಹತ್ರ ಮಾಡ್ಸಿದ್ದೀರಿ? ಯಾರವನು?" ಎಂದರು.

"ನೀವೇ."

ಇನ್ನಷ್ಟು ಬಗ್ಗಿದರು. ಇನ್ನೊಮ್ಮೆ ಸವರಿದರು. "ಬೆಳಕು ಸರಿಯಾಗಿ ಬೀಳ್ತಿಲ್ಲ ಇಲ್ಲಿ. ಈಗ ನೋಡಿ, ಎಷ್ಟು ಚೆನ್ನಾಗೈತೆ!"

ಆರು ರೂಮು, ಒಂದು ಕೀಲಿಕೈ

ಹಾರೋಹಳ್ಳಿಗೆ ಕಾರ್ಖಾನೆಗಳು ಬಂದ ಮೇಲೆ ಮರಳವಾಡಿ ಕಡೆಯ ಒಬ್ಬರು ತಮ್ಮ ಮನೆಯ ಹಿಂಭಾಗದ ಕೊಟ್ಟಿಗೆಯನ್ನು ಆರು ರೂಮು ಮಾಡಿ ಕೆಲಸಗಾರ ಹುಡುಗರಿಗೆ ಬಾಡಿಗೆಗೆ ಕೊಟ್ಟರು. ಬೀಗ ತೆಗೆದುಕೊಳ್ಳಲು ಬಂದಾಗ ಅವರದೊಂದು ವಿಚಿತ್ರ ಬೇಡಿಕೆ. ಆರೂ ಬೀಗಕ್ಕೆ ಒಂದೇ ಕೀ ಆಗಬೇಕು.

"ಆರು ಕೀ ಸೊಂಟಕ್ಕೆ ಸಿಗಿಸ್ಕೊಂಡು ತಿರ್ಗಕ್ಕಾಯ್ತದಾ? ಒಂದಿದ್ರೆ ನನಗೂ ಸಲೀಸು."

"ಹಂಗಾದ್ರೆ ಒಬ್ಬರ ಕೀ ಇನ್ನೊಬ್ಬರ ರೂಮಿಗೂ ಆಗುತ್ತಲ್ಲ?" ಎಂದೆ.

"ಅವರಿಗೇನು ಗೊತ್ತು ಬುಡಿ. ಯಾರಾದ್ರೂ ಪಕ್ಕದ ರೂಮಿಗೆ ಕೀ ಹಾಕಿ ನೋಡ್ತಾರಾ?"

ಮೊದಲನೇ ದಿನವೇ ನೋಡಿದರು. ಪಾಳಿ ಮುಗಿಸಿ ಬಂದ ಹುಡುಗನೊಬ್ಬ ದಣಿವಿನಲ್ಲಿ ಪಕ್ಕದ ರೂಮಿನ ಬೀಗ ತೆಗೆದು, ಅಲ್ಲಿ ಮುಚ್ಚಿಟ್ಟಿದ್ದ ಅನ್ನ ಸಾರು ಉಂಡು, ಮಲಗಿ, ಎದ್ದ ಮೇಲೆ ಗೋಡೆಯ ಮೇಲೆ ಬೇರೆಯವರ ಅಪ್ಪ ಅಮ್ಮನ ಫೋಟೋ ಕಂಡು ಕಿರುಚಿಕೊಂಡನಂತೆ. ವಿಷಯ ಆರೂ ರೂಮಿಗೆ ಗೊತ್ತಾಯಿತು.

ತಿಂಗಳಾದ ಮೇಲೆ ಓನರು ಸಿಕ್ಕಾಗ, ಜಗಳವೇನಾದರೂ ಆಯಿತೇ ಎಂದು ಕೇಳಿದೆ. ಅದೇ ತಿಳಿಯುವ ಕುತೂಹಲ ನನಗೆ.

"ಜಗಳನಾ? ಒಂದು ರೂಮ್ನಾಗೆ ಅಡ್ಗೆ ಮಾಡ್ತವ್ರೆ, ಒಂದ್ರಲ್ಲಿ ಟಿ.ವಿ. ಮಡ್ಗವ್ರೆ, ಮೂರ್ರಲ್ಲಿ ಮಲೀಕತಾರೆ. ಆರ್ನೇದು ನೆಂಟ್ರು ಬಂದ್ರೆ ಅಂತ ಖಾಲಿ ಬುಟ್ಟವ್ರೆ. ನಾನು ಹೋಗಿ ಯಾವ ಬಾಗ್ಲು ತೆಗೆದ್ರೂ, 'ಬನ್ನಿ ಅಂಕಲ್, ಊಟ ಮಾಡಿ' ಅಂತಾರೆ."

"ನೀವೇನಂತೀರಿ?"

ಓನರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಚಪಾತಿ ಬಲು ಮೆತ್ತಗೆ ಮಾಡ್ತಾರೆ ಕಣಣ್ಣ. ನಮ್ಮನೇಲಿ ಹೇಳ್ಬ್ಯಾಡಿ."

ಒಳಗೆ ಉಳಿದವಳು

ಮಾಗಡಿ ತಾಲೂಕಿನ ತಿಪ್ಪಸಂದ್ರದ ಕಡೆಯ ಒಬ್ಬ ಯಜಮಾನರು ತಮ್ಮ ಹಳೇ ಮನೆಯ ನಾಲ್ಕು ಗೋಡೆ ಬಿಟ್ಟು ಮಿಕ್ಕಿದ್ದೆಲ್ಲ ಹೊಸದು ಮಾಡಿಸಿದರು. ಮುಂಬಾಗಿಲ ಬೀಗ ಆರಿಸುವುದಕ್ಕೇ ನಾಲ್ಕು ಸಲ ಬಂದರು. ಕೊನೆಗೆ ನಾನೇ ಒಂದನ್ನು ತೋರಿಸಿದೆ. ಬಾಗಿಲು ಮುಚ್ಚಿದರೆ ತಾನಾಗಿ ಬೀಗ ಬೀಳುತ್ತದೆ. ಒಳಗಿನಿಂದಾದರೆ ಉದ್ದನೆಯ ಹಿತ್ತಾಳೆ ಹಿಡಿಯನ್ನು ಕೆಳಕ್ಕೆ ಒತ್ತಿ ಎಳೆದರೆ ಸಾಕು. ಹೊರಗಿನಿಂದ ಕೀ ಬೇಕೇ ಬೇಕು.

"ಕೀ ಇಲ್ದೆ ಹೊರಗಿಂದ ಯಾರೂ ತೆಗೆಯಕ್ಕಾಗಕಿಲ್ವಾ?"

"ಯಾರಿಗೂ ಆಗಲ್ಲ."

"ನಿಮಗೂ?"

"ನನಗೂ."

ಯಜಮಾನರಿಗೆ ಬಹಳ ಸಂತೋಷವಾಗಿ ನನ್ನನ್ನೂ ಗೃಹಪ್ರವೇಶಕ್ಕೆ ಕರೆದರು.

ಹೋದೆ. ಪಕ್ಕದ ಬೀದಿಯ ಅಜ್ಜಿಯೊಬ್ಬರ ಹಸುವನ್ನು ಮೊದಲು ಮನೆಯೊಳಗೆ ತುಂಬಿಸಿಕೊಂಡು, ಪೂಜೆ ಮಾಡಿ, ಹಾಲ್‌ನಲ್ಲಿ ಅದರ ಮುಂದೆ ಅಕ್ಕಿ, ಬೆಲ್ಲ, ಬಾಳೆಹಣ್ಣು ಇಟ್ಟರು. ಅಡುಗೆಮನೆಯಲ್ಲಿ ಮೂರು ಇಟ್ಟಿಗೆ ಹೂಡಿ, ಸೌದೆ ಚಕ್ಕೆ ಹಚ್ಚಿ ಹಾಲಿಟ್ಟರು. ಅದು ಕಾಯಲು ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಯಜಮಾನರಿಗೆ, ಹೊಸ ಬೀಗ ಕಾಣುವ ಹಾಗೆ ಬಾಗಿಲ ಮುಂದೆ ಎಲ್ಲರದೂ ಒಂದು ಫೋಟೋ ಆಗಲಿ ಎನ್ನಿಸಿತು. "ಬನ್ನಿ, ಬನ್ನಿ, ಅಯ್ನೋರೇ ನೀವೂ ಬನ್ನಿ," ಎಂದು ಪುರೋಹಿತರು, ಮನೆಯಾಕೆ, ನೆಂಟರು, ನಾನು, ಎಲ್ಲರನ್ನೂ ಹೊರಗೆ ಕರೆದು ನಿಲ್ಲಿಸಿದರು. ಹಸು ಮಾತ್ರ ಬಾಳೆಹಣ್ಣು ಬಿಟ್ಟು ಬರಲಿಲ್ಲ.

ಫೋಟೋದವನು "ರೆಡಿ" ಎಂದ. ಗಾಳಿ ಬೀಸಿತು. ನಮ್ಮ ಬೆನ್ನ ಹಿಂದೆ ಬಾಗಿಲು ಮುಚ್ಚಿ "ಕಟ್" ಎಂದು ಒಂದು ಸದ್ದಾಯಿತು. ಒಳ್ಳೆ ಬೀಗದ ಸದ್ದು. ನನಗೆ ತಕ್ಷಣ ಗೊತ್ತಾಯಿತು.

"ಕೀ ಎಲ್ಲಿ?" ಎಂದರು ಯಜಮಾನರು.

"ದೇವ್ರ ಮುಂದೆ ತಟ್ಟೇಲಿ. ಕುಂಕುಮ ಹಚ್ಚಿಟ್ಟಿವ್ನಿ. ಮೂರೂ," ಎಂದರು ಮನೆಯಾಕೆ.

ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಗೆಲ್ಲ ಗ್ರಿಲ್ಲು. ಎಲ್ಲರ ಕಣ್ಣೂ ನನ್ನ ಮೇಲೆ.

"ತೆಗೀರಿ," ಎಂದರು ಯಜಮಾನರು.

"ನನಗೂ ಆಗಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ."

"ಅದು ಯಾಪಾರಕ್ಕೆ ಹೇಳೋ ಮಾತು ಅಂದ್ಕಂಡಿದ್ದೆ!"

ಬಾಗಿಲು ಒಡೆಯಿರಿ ಎಂದರು ಕೆಲವರು. ಹೊಸ ತೇಗದ ಬಾಗಿಲು ಮುಟ್ಟಬ್ಯಾಡಿ ಎಂದು ಯಜಮಾನರು ಅಡ್ಡ ನಿಂತರು. ಮನೆಯಾಕೆಗೆ ಅಳು ಬಂತು. "ಹಾಲು ಉಕ್ಕೋ ಹೊತ್ತಿಗೆ ಮನೆ ಒಳ್ಗೆ ಒಂದು ನರಪಿಳ್ಳೆ ಇಲ್ದಿದ್ರೆ ಹೆಂಗೆ ಅಯ್ನೋರೇ?" ಪುರೋಹಿತರು ಶಲ್ಯ ಸರಿಮಾಡಿಕೊಂಡರು. ನನಗಂತೂ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ಆಗ ಹಸುವಿನ ಅಜ್ಜಿ ಮುಂದೆ ಬಂದರು. "ಎಲ್ಲಾರೂ ಒಸಿ ಸುಮ್ಕಿರಿ," ಎಂದು ಬಾಗಿಲಿಗೆ ಬಾಯಿ ಹಚ್ಚಿ, "ಗಂಗೇ... ಬಾ ಮಗಾ, ಮನೆಗೋಗವಾ," ಎಂದು ಕರೆದರು.

ಪಕ್ಕದ ಕಿಟಕಿಗೆ ನಾವೆಲ್ಲ ಮುಖ ಒತ್ತಿ ನಿಂತೆವು. ಹಸು ಕಿವಿ ನಿಮಿರಿಸಿತು. ಬಾಯಲ್ಲಿದ್ದ ಹಣ್ಣು ಮುಗಿಸಿಕೊಂಡು, ಅವಸರವಿಲ್ಲದೆ ನಡೆದು ಬಂದು ಬಾಗಿಲಿಗೆ ಕುತ್ತಿಗೆ ಉಜ್ಜಿತು. ಕೊಂಬು ಹಿತ್ತಾಳೆ ಹಿಡಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ತಲೆ ತಗ್ಗಿಸಿ ಹಿಂದಕ್ಕೆ ಎಳೆಯಿತು. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಗಂಗೆ ಹೊಸಿಲು ದಾಟಿ, ತೋರಣದ ಎರಡು ಮಾವಿನೆಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಳು.

ನಾವು ಒಳಗೆ ಓಡಿದೆವು. ಹಾಲು ಯಾವಾಗಲೋ ಉಕ್ಕಿ, ಒಲೆ ಆರಿಸಿ, ನಾಲ್ಕೂ ಕಡೆ ಹರಿದಿತ್ತು. ಮನೆಯಾಕೆ ಕೈ ಮುಗಿದು ಕೇಳಿದರು: "ಅಯ್ನೋರೇ, ಮೊದ್ಲು ಯಾವ ದಿಕ್ಕಿಗೆ ಉಕ್ತು? ಅದಲ್ವಾ ಮುಖ್ಯ?"

ಪುರೋಹಿತರು ಪಾತ್ರೆಯ ಸುತ್ತ ಒಂದು ಸುತ್ತು ಬಂದರು. ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ಇದ್ದದ್ದು ಒಬ್ಬಳೇ. ಎಲ್ಲರೂ ತಿರುಗಿ ಅಂಗಳದ ಕಡೆ ನೋಡಿದೆವು. ಗಂಗೆ ಮಾವಿನೆಲೆ ಜಗಿಯುತ್ತಾ, ನೊಣ ಓಡಿಸಲು ಬಾಲವನ್ನೆತ್ತಿ ಒಂದು ಬೀಸು ಬೀಸಿದಳು.

ಪುರೋಹಿತರು ಬಾಲ ಹೋದ ಕಡೆ ನೋಡಿದರು, ಸೂರ್ಯನ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಪೂರ್ವಕ್ಕೇ ಉಕ್ಕಿದೆ. ಎಲೆ ಹಾಕಿ."